ಗರುಗದ ಸೊಪ್ಪು: ಗುರುತಿಸುವ ಮತ್ತು ಬೆಳೆಸುವ ಬಗೆ

ಕೆರೆಯಂಚು, ಗದ್ದೆಯ ಬದು, ಕಾಲುವೆಯ ಪಕ್ಕ, ಹೀಗೆ ನೆಲದಲ್ಲಿ ತೇವವಿರುವ ಕಡೆಯಲ್ಲೆಲ್ಲ ತಾನಾಗಿಯೇ ಬೆಳೆಯುವ ಗರುಗವು ಕನ್ನಡ ನಾಡಿನ ಹಳ್ಳಿಗರಿಗೆ ಚಿರಪರಿಚಿತವಾದ ಮೂಲಿಕೆ. ಇದರ ರಸದಲ್ಲಿ ಬಟ್ಟೆಯನ್ನು ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪದ ಮಸಿಯಿಂದ ಕಾಡಿಗೆ ಮಾಡುವ ರೂಢಿಯಿತ್ತು. ಕಾಡಿಗೆಗರಗ ಎಂಬ ಇನ್ನೊಂದು ಹೆಸರು ಅದನ್ನು ನೆನಪಿಸುತ್ತದೆ. ತಲೆಗೆ ಹಚ್ಚುವ ಎಣ್ಣೆಯಲ್ಲಿ ಇಂದಿಗೂ ಇದರ ಬಳಕೆ ಹೆಚ್ಚು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದೇ ಗಿಡವು ಬೇರೆ ಬೇರೆ ಹೆಸರುಗಳಲ್ಲಿ ಎದುರಾಗುತ್ತದೆ. ಮುಂಬಯಿ, ಪುಣೆಗಳಲ್ಲಿ ಇದು ಮಾಕಾ, ಚೆನ್ನೈಯಲ್ಲಿ ಕರಿಸಲಾಂಗಣ್ಣಿ, ಹೈದರಾಬಾದಿನಲ್ಲಿ ಗುಂಟಗಲಗರ, ದೆಹಲಿಯಲ್ಲಿ ಭಾಂಗ್ರಾ ಅಥವಾ ಭೃಂಗರಾಜ. ಸಸ್ಯಶಾಸ್ತ್ರದಲ್ಲಿ ಎಕ್ಲಿಪ್ಟಾ ಪ್ರಾಸ್ಟ್ರೇಟಾ ಎನಿಸಿದ ಈ ಸಸ್ಯವನ್ನು ಎಕ್ಲಿಪ್ಟಾ ಆಲ್ಬಾ ಎಂದೂ ಅನೇಕ ಗ್ರಂಥಗಳು ಕರೆದಿವೆ. ಹೆಸರೊಂದನ್ನೇ ನಂಬಿದರೆ ಮೋಸಹೋಗುವ ಸಂಭವವುಂಟು. ಉದಾಹರಣೆಗೆ, ತಮಿಳುನಾಡಿನಲ್ಲಿ ‘ಮಂಜಳ್ ಕರಿಸಲಾಂಗಣ್ಣಿ’ ಎಂದು ಕರೆಯುವ ಹಳದಿ ಹೂವಿನ ಸೊಪ್ಪು ಬೇರೊಂದು ಸಸ್ಯವೇ ಆಗಿದೆ.

ಗರುಗವು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದುದು. ಕಾಂಡವು ಕೆಂಪು ಛಾಯೆಯದಾಗಿದ್ದು, ಕೆಲವೊಮ್ಮೆ ನೆಟ್ಟಗೆ ನಿಲ್ಲುತ್ತದೆ, ಕೆಲವೊಮ್ಮೆ ನೆಲದ ಮೇಲೆ ಹರಡಿ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಎಲೆಗಳು ಎದುರುಬದುರಾಗಿ, ಬಹುಮಟ್ಟಿಗೆ ತೊಟ್ಟಿಲ್ಲದೆ, ಭರ್ಜಿಯ ಆಕಾರದಲ್ಲಿರುತ್ತವೆ. ಬಿಳಿಯ ಗಿಡ್ಡ ರೋಮಗಳಿರುವುದರಿಂದ ಮುಟ್ಟಿದರೆ ಒರಟು. ಎಲೆಯ ಕಂಕುಳಲ್ಲಿ ಸಣ್ಣ ತೊಟ್ಟಿನ ಮೇಲೆ ಅರಳುವ ಹೂಗೊಂಚಲು ಒಂದು ಸೆಂಟಿಮೀಟರನ್ನೂ ಮುಟ್ಟದು. ಅದರ ಅಂಚಿನ ಎಸಳುಗಳೂ ನಡುವಿನ ಕಿರುಹೂಗಳೂ ಬೆಳ್ಳಗಿರುವುದು ಮುಖ್ಯ ಗುರುತು. ಕಾಂಡವನ್ನು ಜಜ್ಜಿ ಬಿಳಿಯ ಕಾಗದದ ಮೇಲೆ ಉಜ್ಜಿದರೆ ಹಸಿರು ಕಲೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಅಂಗೈಯಲ್ಲಿ ಉಜ್ಜಿ ನೋಡುವುದು ವಾಡಿಕೆಯಾದರೂ, ಗುರುತು ತಿಳಿಯದ ಕಳೆಯ ವಿಷಯದಲ್ಲಿ ಅದು ಸಲ್ಲದು.

ಏಕೆಂದರೆ 1956ರಲ್ಲಿ ಪುಣೆಯಿಂದ ವರದಿಯಾಗಿ ಮುಂದೆ ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು, ಇದೇ ಕುಟುಂಬದ್ದು. ಅದರ ಹೂವೂ ಬಿಳಿ, ಚಿಕ್ಕದು. ಅದರ ಸ್ಪರ್ಶದಿಂದ ಅನೇಕರಿಗೆ ಚರ್ಮದ ಉರಿಯೂತ ಉಂಟಾಗುತ್ತದೆ. ಆದರೆ ಅದರ ಎಲೆಗಳು ಆಳವಾಗಿ ಸೀಳಿರುತ್ತವೆ, ಎದುರುಬದುರಾಗಿರುವುದಿಲ್ಲ. ಮಹಾರಾಷ್ಟ್ರದಲ್ಲಿ ಏಕದಾಂಡಿ ಎನಿಸಿಕೊಂಡ ಇನ್ನೊಂದು ಕಳೆಯನ್ನು ಗುರುತಿಸುವುದು ಸುಲಭ: ಉದ್ದವಾದ ಒಂಟಿ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ ಹೂವು.

ನಗರದಲ್ಲಿ ಸರಿಯಾದ ಗಿಡವೇ ಸಿಕ್ಕಿದರೂ ಅದನ್ನು ಕಿತ್ತು ತರುವುದು ಕ್ಷೇಮಕರವಲ್ಲ. ತೇವವನ್ನು ಬಯಸುವ ಗರುಗವು ಊರಿನಲ್ಲಿ ಸಾಮಾನ್ಯವಾಗಿ ಚರಂಡಿಯ ಬದಿಯಲ್ಲೇ ಬೆಳೆಯುತ್ತದೆ. ಕೊಳಚೆ ನೀರಿನ ರೋಗಾಣುಗಳೂ ಲೋಹಾಂಶಗಳೂ ಸೊಪ್ಪನ್ನು ಸೇರಬಹುದು. ಒಂದು ಕುಂಡವಿದ್ದರೆ ಈ ಅಪಾಯಕ್ಕೆ ಆಸ್ಪದವಿರುವುದಿಲ್ಲ.

ಸುಮಾರು ಒಂದು ಅಡಿ ಬಾಯಿಯ ಕುಂಡದಲ್ಲಿ ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ತುಂಬಬೇಕು. ಬೀಜಗಳು ಮೊಳೆಯಲು ಬೆಳಕು ಅವಶ್ಯ. ಅವುಗಳನ್ನು ಮಣ್ಣಿನ ಮೇಲೆಯೇ ಉದುರಿಸಿ ಮೆಲ್ಲಗೆ ಒತ್ತಬೇಕೇ ಹೊರತು ಮುಚ್ಚಬಾರದು. ಅರ್ಧ ಸೆಂಟಿಮೀಟರಿನಷ್ಟು ಮಣ್ಣು ಬಿದ್ದರೂ ಮೊಳಕೆ ಮೇಲೇಳುವುದು ಕಷ್ಟ. ಬಿತ್ತಿದ ಬೀಜ ಹುಟ್ಟಲಿಲ್ಲವೆಂಬ ದೂರಿಗೆ ಬಹಳ ಸಲ ಇದೇ ಕಾರಣ. ಬೀಜ ಕೊಚ್ಚಿಹೋಗದಂತೆ ನೀರನ್ನು ಚಿಮುಕಿಸಬೇಕು. ಬೀಜ ದೊರೆಯದಿದ್ದಲ್ಲಿ ಮೂರು ನಾಲ್ಕು ಗೆಣ್ಣುಗಳಿರುವ ಕಾಂಡದ ತುಂಡನ್ನು ನೆಟ್ಟರೂ ಸಾಕು, ಬೇಗನೆ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಕಟ್ಟೆ ಉತ್ತಮ. ಮಣ್ಣು ಒಣಗಗೊಡಬಾರದು. ದೆಹಲಿಯ ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗುವುದರಿಂದ ಅಲ್ಲಿ ಮಳೆಗಾಲದ ಆರಂಭವೇ ನೆಡಲು ತಕ್ಕ ಕಾಲ.

ಹೂ ಬಿಡತೊಡಗಿದಾಗ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಕೊಯ್ದ ಸೊಪ್ಪನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಎಣ್ಣೆ ಕಾಯಿಸುವವರು ರಸದ ನೀರಿನಂಶ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸುವುದು ಒಳ್ಳೆಯದು. ತೇವ ಉಳಿದರೆ ಎಣ್ಣೆ ಕೆಡುತ್ತದೆ. ಔಷಧವಾಗಿ ಸೇವಿಸುವುದಾದರೆ ವೈದ್ಯರ ಸಲಹೆ ಅಗತ್ಯ. ಗರ್ಭಿಣಿಯರೂ ಬೇರೆ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವವರೂ ಇದನ್ನು ಮರೆಯಬಾರದು.

ಒಂದೆರಡು ಹೂಗಳನ್ನು ಗಿಡದಲ್ಲೇ ಬಲಿಯಗೊಟ್ಟರೆ ಕಪ್ಪು ಬೀಜಗಳು ಉದುರಿ ಅದೇ ಕುಂಡದಲ್ಲಿ ಮರುಹುಟ್ಟು ಪಡೆಯುತ್ತವೆ. ಪಕ್ಕದ ಕುಂಡಗಳಿಗೂ ಅವು ಹಬ್ಬುವುದುಂಟು. ಭತ್ತದ ಗದ್ದೆಯಲ್ಲಿ ರೈತರು ಇದನ್ನು ಕಳೆಯೆಂದೇ ಕಿತ್ತೆಸೆಯುತ್ತಾರೆ.