ಮಾತ್ರೆ ಶುರುವಾದ ಮೇಲೆ ಏಳುವ ಗುಳ್ಳೆ

ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್, ಎರ್ಲೋಟಿನಿಬ್ ಎಂಬ ಮಾತ್ರೆಗಳಿವೆ. ಗೆಡ್ಡೆಯ ಇಜಿಎಫ್‌ಆರ್ ಜೀನಿನಲ್ಲಿ ಬದಲಾವಣೆ ಕಂಡವರಿಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿಗೋ ಹೋಗಿ ಬಂದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ರೋಗಿ ಮನೆಯಲ್ಲೇ ದಿನಕ್ಕೊಂದು ನುಂಗಿದರಾಯಿತು. ತೊಡಕೂ ಅಲ್ಲೇ. ಮುಖ, ನೆತ್ತಿ, ಎದೆಯ ಮೇಲೆ ಕೀವುಗುಳ್ಳೆ ಏಳುವುದು ಸಾಮಾನ್ಯವಾಗಿ ಮೊದಲೆರಡು ವಾರದಲ್ಲಿ, ಡಾಕ್ಟರು ದೂರವಿರುವಾಗ. ಅಮ್ಮ ಬಂದಿದ್ದಾಳೆಂದು ಮನೆಯವರು ಬೇವಿನ ಸೊಪ್ಪು ತರಬಹುದು; ಮಾತ್ರೆ ಮೈಗೆ ಒಗ್ಗಲಿಲ್ಲವೆಂದು ನಿಲ್ಲಿಸಿಯೂ ಬಿಡಬಹುದು. ನನಗೆ ಭಯ ಈ ಎರಡನೆಯದರದ್ದೇ.

ಈ ಮಾತ್ರೆಗಳು ತಡೆಯುವ ಇಜಿಎಫ್‌ಆರ್ ಗೆಡ್ಡೆಯಲ್ಲಿ ಮಾತ್ರ ಇರುವ ಪ್ರೋಟೀನಲ್ಲ. ಚರ್ಮದ ಕೋಶಗಳು ಬಲಿತು ಒತ್ತಾಗಿ ಹೆಣೆದುಕೊಳ್ಳಲು, ಕೂದಲ ಬುಡಕ್ಕೆ, ಉಗುರಿನ ಅಂಚಿಗೆ ಅದು ಬೇಕೇ ಬೇಕು. ಮಾತ್ರೆ ಅದನ್ನು ಎಲ್ಲೆಡೆ ತಡೆದಾಗ ಚರ್ಮದ ಬೇಲಿ ಸಡಿಲಾಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಚರ್ಮವೇ ತಯಾರಿಸುವ ಸಣ್ಣ ಪ್ರೋಟೀನುಗಳೂ ಕಡಿಮೆಯಾಗುತ್ತವೆ. ವಿಯೆನ್ನಾದ ಮರಿಯಾ ಸಿಬಿಲಿಯಾ ಅವರ ತಂಡ 2019ರಲ್ಲಿ ಇಲಿಗಳಲ್ಲಿ ಇದನ್ನು ಬಿಡಿಸಿ ತೋರಿಸಿತು: ಕೂದಲು ಚರ್ಮ ಸೀಳಿ ಹೊರಬರುವಲ್ಲಿ ಮೊದಲ ಬಿರುಕು, ಮೇಲೆ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಅದೇ ದಾರಿಯಲ್ಲಿ ಒಳಗಿಳಿದು ಉರಿಯೂತವನ್ನು ಹೆಚ್ಚಿಸುತ್ತವೆ. ಶುರು ಮಾಡುವುದು ಬ್ಯಾಕ್ಟೀರಿಯಾ ಅಲ್ಲ, ಕೆರಳಿಸುವುದು ಅವು.

ಹಾಗಾಗಿ ಇದು ಅಮ್ಮನೂ ಅಲ್ಲ, ಮೊಡವೆಯೂ ಅಲ್ಲ. ಅಂಗಡಿಯ ಮೊಡವೆ ಕ್ರೀಮು ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಇಜಿಎಫ್‌ಆರ್ ಅನ್ನೇ ತಡೆಯುವ ಪ್ಯಾನಿಟುಮುಮ್ಯಾಬ್ ಇಂಜೆಕ್ಷನ್ ಪಡೆದ ಕರುಳಿನ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಗುಳ್ಳೆ ಏಳುವ ಮೊದಲೇ ಡಾಕ್ಸಿಸೈಕ್ಲಿನ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸೌಮ್ಯ ಸ್ಟಿರಾಯ್ಡ್ ಕ್ರೀಮು ಶುರುಮಾಡಿದವರಲ್ಲಿ ಶೇ 29 ಮಂದಿಗೆ ಚರ್ಮದ ತೊಂದರೆ ಮಧ್ಯಮ ಇಲ್ಲವೇ ತೀವ್ರ ಮಟ್ಟ ಮುಟ್ಟಿತು; ಎದ್ದ ಮೇಲೆ ಔಷಧಿ ಪಡೆದವರಲ್ಲಿ ಶೇ 62 ಮಂದಿಗೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ತಡೆಯುವುದಷ್ಟೇ ಅಲ್ಲ, ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ಅದನ್ನು ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಬಯಲುಸೀಮೆಯ ಹೊಲಕ್ಕೆ ಹೋಗುವವರು ತಲೆ, ಕತ್ತು, ತೋಳು ಮುಚ್ಚಿಕೊಳ್ಳಲೇಬೇಕು. ಕ್ಯಾನ್ಸರ್ ಮಾತ್ರೆಯ ಚೀಟಿ ಬರೆಸುವ ದಿನವೇ ಚರ್ಮದ ಔಷಧಿಯನ್ನೂ ಕೇಳಿ. ಮಾತ್ರೆ ಕಡಿಮೆ ಮಾಡುವುದೋ ಕೆಲದಿನ ಬಿಡುವುದೋ, ಡಾಕ್ಟರೇ ಹೇಳಲಿ.

ಉಗುರಿನ ಬದಿ ಊದಿ ಕೀವು ತುಂಬುವುದು ತಡವಾಗಿ, ಒಂದೆರಡು ತಿಂಗಳಿಗೆ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವವರಿಗೆ ಇದು ಮುಖದ ಗುಳ್ಳೆಗಿಂತ ಕಷ್ಟ, ಹೆಬ್ಬೆರಳು ಮುಟ್ಟಿದರೆ ನೋಯುವಾಗ ಮೊಗ್ಗು ಹಿಡಿಯುವುದೇ ಆಗದು. ಅವರು ಉಗುರನ್ನು ತೀರ ಒಳಗೆ ಕತ್ತರಿಸಬಾರದು, ನೀರಲ್ಲಿ ಹೆಚ್ಚು ಹೊತ್ತು ಕೈ ನೆನೆಸಬಾರದು. ಅಂಚು ಕೆಂಪಾದ ಕೂಡಲೇ ಡಾಕ್ಟರಿಗೆ ಫೋನು ಮಾಡಬೇಕು.