ವಾಚು ಅಳೆಯುವುದೆಷ್ಟು, ಊಹಿಸುವುದೆಷ್ಟು

ಬೆಳಿಗ್ಗೆ ಬಿರುಸಾಗಿ ನಡೆದು ಬಂದಾಗ ಫಿಟ್‌ನೆಸ್ ವಾಚು ‘400 ಕ್ಯಾಲೊರಿ’ ಎಂದು ತೋರಿಸಿದರೆ, ಇನ್ನೊಂದು ಮಸಾಲೆ ದೋಸೆಗೆ ಅಡ್ಡಿಯಿಲ್ಲ ಎಂದು ನಂಬುವವರಿದ್ದಾರೆ. ಆ ಲೆಕ್ಕ ನೆಚ್ಚುವಂಥದ್ದಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಸಾಧನಗಳನ್ನು 60 ಜನರ ಕೈಗೆ ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದರು. ಆರು ಸಾಧನಗಳು ಹೃದಯ ಬಡಿತವನ್ನು ಶೇ 5ರೊಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇ 27ರಷ್ಟು ತಪ್ಪಿತು. ಕಳಪೆಯದು ಶೇ 93ರಷ್ಟು.

ಬಡಿತವನ್ನು ವಾಚು ಅಳೆಯುತ್ತದೆ. ಕ್ಯಾಲೊರಿಯನ್ನು ವಯಸ್ಸು, ತೂಕ, ಎತ್ತರ, ಬಡಿತಗಳನ್ನೆಲ್ಲ ಸೂತ್ರಕ್ಕೆ ಹಾಕಿ ಊಹಿಸುತ್ತದೆ. ತೂಕ ಇಳಿಸಲು ಹೊರಟವರು ಆ ಅಂಕಿ ನೋಡಿ ತಟ್ಟೆಗೆ ಬಡಿಸಿಕೊಳ್ಳಲೇಬಾರದು.

ಬಡಿತವಾದರೂ ಸದಾ ಸರಿಯೇ? ಅದು ನೀವು ಮಾಡುವ ವ್ಯಾಯಾಮದ ಮೇಲೆ ನಿಂತಿದೆ. ವಾಚಿನ ತಳದ ಹಸಿರು ಬೆಳಕನ್ನು ರಕ್ತ ಹೀರುವುದರಲ್ಲಿ ಆಗುವ ಏರಿಳಿತದಿಂದ ನಾಡಿಯ ಎಣಿಕೆ ನಡೆಯುತ್ತದೆ. ಒಂದೇ ವೇಗದ ನಡಿಗೆಯಲ್ಲಿ ಇದಕ್ಕೆ ತೊಂದರೆಯಿಲ್ಲ. ಡಂಬೆಲ್ ಹಿಡಿದು ಮಣಿಕಟ್ಟು ಬಗ್ಗಿಸಿದಾಗ, ಬ್ಯಾಡ್ಮಿಂಟನ್‌ನಲ್ಲಿ ಕೈ ಬೀಸಿದಾಗ ಎಣಿಕೆ ತಪ್ಪುತ್ತದೆ. ಪಟ್ಟಿ ಸಡಿಲವಿದ್ದರೆ ಓಡುವವರ ಹೆಜ್ಜೆಯ ಲಯವನ್ನೇ ನಾಡಿಯೆಂದು ಎಣಿಸುವುದೂ ಉಂಟು. ಆದ್ದರಿಂದ ಮಣಿಕಟ್ಟಿನ ಮೂಳೆಗಿಂತ ಒಂದೆರಡು ಬೆರಳು ಮೇಲೆ, ಜಾರದಂತೆ ಕಟ್ಟಿ. ವೇಗ ಏರಿಸಿ ಇಳಿಸಿ ಇಂಟರ್ವಲ್ ಓಡುವವರಿಗೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿ ಒಳ್ಳೆಯದು. ಅದರ ಜೊತೆ ಜೋಡಿಸಬಹುದಾದ ವಾಚನ್ನೇ ಆರಿಸಿ.

‘ಜಿಪಿಎಸ್ ಇದೆ’ ಎಂದು ಅಂಗಡಿಯವರು ಹೇಳಿದರೆ ಬಿಡಿಸಿ ಕೇಳಿ. ಅಗ್ಗದ ಹಲವು ವಾಚುಗಳು ಫೋನಿನ ಜಿಪಿಎಸ್ಸನ್ನೇ ಬಳಸುತ್ತವೆ. ಫೋನ್ ಮನೆಯಲ್ಲಿಟ್ಟು ಓಡಿದರೆ ಸಿಗುವುದು ಹೆಜ್ಜೆ ಎಣಿಸಿ ಮಾಡಿದ ಅಂದಾಜು ದೂರ. ಡಬ್ಬಿಯ ಮೇಲೆ ಬರೆದ ‘14 ದಿನ ಬ್ಯಾಟರಿ’ ಜಿಪಿಎಸ್ ಬಿಡದೆ ಓಡುವಾಗಿನ ಲೆಕ್ಕವಲ್ಲ. ಮ್ಯಾರಥಾನಿನ 42.195 ಕಿ.ಮೀ. ಓಡುವವರು ಕೇಳಬೇಕಾದ್ದು, ಜಿಪಿಎಸ್ ಚಾಲೂ ಇದ್ದಾಗ ಎಷ್ಟು ಗಂಟೆ ಬರುತ್ತದೆ ಎಂದು. ಕಬ್ಬನ್ ಪಾರ್ಕಿನ ಮರಗಳ ಕೆಳಗೋ ಎತ್ತರದ ಕಟ್ಟಡಗಳ ನಡುವೆಯೋ ಓಡುವವರಿಗೆ ಜಿಪಿಎಸ್ ಉಪಗ್ರಹಗಳ ಎಲ್1, ಎಲ್5 ಎಂಬ ಎರಡೂ ತರಂಗಗಳನ್ನು ಹಿಡಿಯುವ ವಾಚು ದಾರಿಯನ್ನು ಹೆಚ್ಚು ಸರಿಯಾಗಿ ಗುರುತಿಸುತ್ತದೆ.

ನೀರು ತಾಳುವ ಬಗ್ಗೆ ವಾಚಿನ ಮೇಲೆ ಬರೆದ ‘5 ಎಟಿಎಂ’ ಎಂದರೆ 50 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ನಿಂತ ನೀರಿನ ಅಷ್ಟು ಒತ್ತಡವನ್ನು ಪರೀಕ್ಷೆಯಲ್ಲಿ ತಾಳಿದೆ ಎಂದಷ್ಟೆ. ಕೊಳದ ಈಜಿಗೆ ಸಾಕು. ಇನ್ನು ದಿನಕ್ಕೆ 10,000 ಹೆಜ್ಜೆಯೆಂಬುದು ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಹುಟ್ಟಿದ ಸಂಖ್ಯೆ.

ಎಲ್ಲಕ್ಕಿಂತ ಅಪಾಯದ ನಂಬಿಕೆ ಇಸಿಜಿ ಇರುವ ದುಬಾರಿ ವಾಚಿನದು. ಅದು ಬಡಿತದ ಲಯ ತಪ್ಪಿದ್ದನ್ನು ಗುರುತಿಸಬಲ್ಲದು, ಹೃದಯಾಘಾತವನ್ನಲ್ಲ. ಜಿಮ್‌ನಲ್ಲಿ ಎದೆ ಹಿಂಡಿದಂತಾಗಿ, ಬೆವರಿ, ಎಡಗೈಗೆ ನೋವು ಇಳಿದರೆ ವಾಚು ‘ಸಹಜ’ ಎಂದರೂ ಕೇಳಬೇಡಿ. 108ಕ್ಕೆ ಕರೆ ಮಾಡಿ.