ಮಾತ್ರೆಯಿಂದ ಹೃದಯದ ಮಿಡಿತ ತಪ್ಪುತ್ತದೆಯೇ? ನೀಲಿ ಬೆಳಕು ಹಾಯಿಸಿ ಪರೀಕ್ಷಿಸುವ ಕ್ರಮ ಹೀಗಿದೆ

ಕಲ್ಲುಗುಂಡಿ: ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆಯ ಹೆಚ್ಚಿನ ಮನೆಗಳಲ್ಲಿ ಒಂದು ಮಾತ್ರೆ ಚೀಲ ಇದ್ದೇ ಇರುತ್ತದೆ. ಬಿಪಿಗೆ ಸುಳ್ಯದ ಡಾಕ್ಟ್ರು ಬರೆದದ್ದು, ಚರ್ಮದ ತುರಿಕೆಗೆ ಮಂಗಳೂರಿನವರು ಕೊಟ್ಟದ್ದು, ಗ್ಯಾಸ್ಟ್ರಿಕ್‌ಗೆ ಅಂತ ಮೆಡಿಕಲ್‌ನಲ್ಲಿ ಕೇಳಿ ತಂದದ್ದು ಎಲ್ಲವೂ ಒಂದೇ ಚೀಲದಲ್ಲಿ. ತುರಿಕೆಯ ಮಾತ್ರೆಗೂ ಹೃದಯಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಸಂಬಂಧ ಇದೆ. ಹೃದಯಕ್ಕೆ ಸಂಬಂಧವೇ ಇಲ್ಲದ ಕಾಯಿಲೆಗೆ ಕೊಡುವ ಕೆಲವು ಔಷಧಗಳೂ ಮಿಡಿತದ ತಾಳ ತಪ್ಪಿಸಬಲ್ಲವು. ಅಂಥ ಔಷಧಗಳನ್ನು ಮೊದಲೇ ಗುರುತಿಸಲು ಈಗ ವಿಜ್ಞಾನಿಗಳು ಬೆಳಕನ್ನು ಬಳಸುತ್ತಿದ್ದಾರೆ. ಅದು ಹೇಗೆ, ನಮಗೆ ಅದರಿಂದೇನು ಅಂತ ನೋಡೋಣ.

ಅಲರ್ಜಿ ಮಾತ್ರೆ ಕಲಿಸಿದ ಪಾಠ

ಟರ್ಫೆನಾಡಿನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು. ತಿಂದರೆ ತೂಕಡಿಕೆ ಬರುವುದಿಲ್ಲ ಅಂತ ಲೋಕದಲ್ಲೆಲ್ಲ ಹೆಸರು ಮಾಡಿತ್ತು. 1990ರಲ್ಲಿ ಅಮೆರಿಕದಲ್ಲಿ 39 ವರ್ಷದ ಮಹಿಳೆಯೊಬ್ಬರು ಈ ಮಾತ್ರೆಯ ಜೊತೆಗೆ ಫಂಗಸ್ ಸೋಂಕಿಗೆ ಕೀಟೊಕೊನಜೋಲ್ ತಿಂದು ಮೂರ್ಛೆ ಹೋದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಟರ್ಫೆನಾಡಿನ್ ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನು ಬೇಗ ಬದಲಿಸಿಬಿಡುತ್ತದೆ. ಫಂಗಸ್ ಮಾತ್ರೆ ಲಿವರಿನ ಆ ಕೆಲಸಕ್ಕೆ ಅಡ್ಡ ಬಂತು. ಅಲರ್ಜಿ ಮಾತ್ರೆ ರಕ್ತದಲ್ಲಿ ಹಾಗೆಯೇ ಉಳಿದು ಹೃದಯಕ್ಕೆ ಹೊಡೆತ ಕೊಟ್ಟಿತು.

1997-98ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ಭಾರತದಲ್ಲಿ 2003ರಲ್ಲಿ ನಿಷೇಧವಾಯಿತು. ಹೊಟ್ಟೆ ಉರಿಗೆ ಕೊಡುತ್ತಿದ್ದ ಸಿಸಪ್ರೈಡ್ ಕೂಡ ಇದೇ ಕಾರಣಕ್ಕೆ ಹೆಸರು ಕೆಡಿಸಿಕೊಂಡು 2011ರಲ್ಲಿ ನಮ್ಮಲ್ಲಿ ನಿಷೇಧಗೊಂಡಿತು. ಅಂದಹಾಗೆ, ಲಿವರ್ ಟರ್ಫೆನಾಡಿನ್ ಅನ್ನು ಯಾವ ವಸ್ತುವಾಗಿ ಬದಲಿಸುತ್ತಿತ್ತೋ ಅದನ್ನೇ ಮಾತ್ರೆ ಮಾಡಿ ಈಗ ಫೆಕ್ಸೊಫೆನಾಡಿನ್ ಹೆಸರಲ್ಲಿ ಮಾರುತ್ತಾರೆ. ಅದು ಹೃದಯಕ್ಕೆ ಆ ತೊಂದರೆ ಕೊಡುವುದಿಲ್ಲ.

ಹೃದಯದೊಳಗಿನ ಕರೆಂಟು

ಹೃದಯದ ಒಂದೊಂದು ಮಿಡಿತವೂ ಕರೆಂಟಿನ ಕೆಲಸ. ಸೋಡಿಯಂ, ಕ್ಯಾಲ್ಸಿಯಂ ಜೀವಕೋಶದ ಒಳಗೆ ನುಗ್ಗಿದಾಗ ಕೋಶ ಸಂಕುಚಿಸುತ್ತದೆ. ಪೊಟ್ಯಾಸಿಯಂ ಹೊರಗೆ ಹೋದಾಗ ಮುಂದಿನ ಮಿಡಿತಕ್ಕೆ ತಯಾರಾಗುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಹರ್ಗ್ ಅಂತ ಹೆಸರಿಟ್ಟಿದ್ದಾರೆ. ಟರ್ಫೆನಾಡಿನ್, ಸಿಸಪ್ರೈಡ್ ಎರಡೂ ಕಟ್ಟಿದ್ದು ಈ ಬಾಗಿಲನ್ನೇ.

ಬಾಗಿಲು ಕಟ್ಟಿದರೆ ಕೋಶ ತಯಾರಾಗಲು ತಡವಾಗುತ್ತದೆ. ಇಸಿಜಿ ಚೀಟಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗಿ ಕಾಣುತ್ತದೆ. ಅದು ಮಿತಿ ಮೀರಿದರೆ ಮಿಡಿತ ಅಡ್ಡಾದಿಡ್ಡಿಯಾಗಿ, ಮನುಷ್ಯ ತಲೆತಿರುಗಿ ಬೀಳಬಹುದು. ಕೆಲವೊಮ್ಮೆ ಪ್ರಾಣವೇ ಹೋಗಬಹುದು.

ಪಾಚಿಯಿಂದ ಬಂದ ಸ್ವಿಚ್ಚು

ಹೊಸ ಔಷಧ ಈ ಬಾಗಿಲನ್ನು ಕಟ್ಟುತ್ತದೆಯೇ ಅಂತ ತಿಳಿಯಲು ಹಿಂದೆ ಕೂದಲಿಗಿಂತ ಸಪೂರದ ಗಾಜಿನ ನಳಿಕೆಯನ್ನು ಒಂದೊಂದೇ ಕೋಶಕ್ಕೆ ತಾಗಿಸಿ ಅಳೆಯುತ್ತಿದ್ದರು. ಈಗಲೂ ಆ ಕ್ರಮ ಇದೆ. ಆದರೆ ಅದು ಬಹಳ ನಿಧಾನ, ಪಳಗಿದ ಕೈಯೇ ಬೇಕು.

ಬೆಳಕಿನ ದಾರಿ ತೋರಿಸಿದ್ದು ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿ. ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಬದುಕುವ ಒಂದೇ ಕೋಶದ ಜೀವಿ ಇದು. ಬೆಳಕು ಎತ್ತ ಇದೆ ಅಂತ ತಿಳಿಯಲು ಇದರಲ್ಲಿ ಒಂದು ಪ್ರೋಟೀನ್ ಇದೆ. ನೀಲಿ ಬೆಳಕು ಬಿದ್ದ ತಕ್ಷಣ ಅದು ಬಾಗಿಲಿನ ಹಾಗೆ ತೆರೆದುಕೊಂಡು ಕರೆಂಟು ಹರಿಯಲು ಬಿಡುತ್ತದೆ. 2002-03ರಲ್ಲಿ ಜರ್ಮನಿಯ ಪೀಟರ್ ಹೆಗೆಮಾನ್, ಜಾರ್ಜ್ ನಾಗೆಲ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. 2010ರಲ್ಲಿ ಜರ್ಮನಿಯ ಬಾನ್ ನಗರದ ವಿಜ್ಞಾನಿಗಳು ಈ ಪ್ರೋಟೀನನ್ನು ಹೃದಯದ ಕೋಶಕ್ಕೆ ಸೇರಿಸಿ, ಬೆಳಕಿನಿಂದಲೇ ಮಿಡಿಯುವಂತೆ ಮಾಡಿದರು.

ಪರೀಕ್ಷೆಯಲ್ಲಿ ಆಗುವುದಿಷ್ಟು. ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಹೃದಯದ ಕೋಶ ಬೆಳೆಸುತ್ತಾರೆ. ನೀಲಿ ಬೆಳಕು ಮಿಣುಕಿದಷ್ಟು ಸಲ ಕೋಶ ಮಿಡಿಯುತ್ತದೆ. ಭಾಗವತರ ತಾಳಕ್ಕೆ ಚೆಂಡೆ ಹೋದ ಹಾಗೆ. ಕೋಶಕ್ಕೆ ಮೊದಲೇ ಸೇರಿಸಿದ ಬಣ್ಣವೊಂದು ಕರೆಂಟು ಹರಿದಂತೆ ಹೊಳಪು ಬದಲಿಸುತ್ತದೆ. ಆ ಬಣ್ಣ ನೀಲಿಗೆ ಅಡ್ಡ ಬಾರದಂತೆ ಕೆಂಪಿನ ಕಡೆಯದ್ದನ್ನು ಆರಿಸುತ್ತಾರೆ. ಕ್ಯಾಮರಾ ಅದನ್ನು ದಾಖಲಿಸುತ್ತದೆ. ಒಂದೊಂದು ಗುಳಿಗೆ ಒಂದೊಂದು ಔಷಧ ಹಾಕಿ, ಮಿಡಿತದ ನಂತರ ಕೋಶ ತಯಾರಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತಾರೆ. ಅಮೆರಿಕದಲ್ಲಿ ಎಮಿಲಿಯಾ ಎಂಚೆವಾ ಅವರ ತಂಡ 2016ರಲ್ಲಿ ಇಂಥ ಪೂರ್ತಿ ಬೆಳಕಿನ ವ್ಯವಸ್ಥೆಯನ್ನು ಪ್ರಕಟಿಸಿತು.

ತಾಳ ನಮ್ಮ ಕೈಯಲ್ಲಿರುವುದು ಯಾಕೆ ಮುಖ್ಯ? ಇಂಥ ಔಷಧಗಳಲ್ಲಿ ಹಲವು ಮಿಡಿತ ನಿಧಾನವಾದಾಗ ಹೆಚ್ಚು ಅಪಾಯ. ಕೋಶ ತನ್ನಷ್ಟಕ್ಕೆ ಮಿಡಿಯುತ್ತಿದ್ದರೆ ತಡವಾದದ್ದು ಔಷಧದಿಂದಲೋ, ಮಿಡಿತದ ವೇಗ ಬದಲಾದ್ದರಿಂದಲೋ ಗೊತ್ತಾಗುವುದಿಲ್ಲ. ಬೆಳಕಿನಿಂದ ಎಲ್ಲ ಗುಳಿಗೂ ಒಂದೇ ತಾಳ ಕೊಟ್ಟರೆ ಹೋಲಿಕೆ ಸರಿಯಾಗುತ್ತದೆ.

ಗಾಬರಿ ಬೇಡ, ಇದೆಲ್ಲ ತಟ್ಟೆಯಲ್ಲಿರುವ ಕೋಶಕ್ಕೆ ಮಾತ್ರ. ರೋಗಿಯ ಎದೆಗೆ ಯಾರೂ ಲೈಟು ಹಾಕುವುದಿಲ್ಲ.

ಕೋಶ ಎಲ್ಲಿಂದ ಬರುತ್ತದೆ?

ಯಾರ ಹೃದಯವನ್ನೂ ಕೊಯ್ಯಬೇಕಿಲ್ಲ. ಜಪಾನಿನ ಶಿನ್ಯಾ ಯಮನಾಕಾ 2007ರಲ್ಲಿ ಮನುಷ್ಯರ ಚರ್ಮದ ಕೋಶವನ್ನು ಕಾಂಡಕೋಶವಾಗಿ ಬದಲಿಸಿ ತೋರಿಸಿದರು. ಕಾಂಡಕೋಶದಿಂದ ಹೃದಯದ ಕೋಶ ಬೆಳೆಸಬಹುದು. ಅವರಿಗೆ 2012ರಲ್ಲಿ ನೊಬೆಲ್ ಬಂತು. ಇಂಥ ಕೋಶಗಳ ಮೇಲೆ 28 ಔಷಧಗಳನ್ನು 10 ಕಡೆ ಪರೀಕ್ಷಿಸಿದ ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕಾಂಡಕೋಶ ಮತ್ತು ಹೃದಯ ಕಾಯಿಲೆಯ ಸಂಶೋಧನೆ ನಡೆಯುತ್ತಿದೆ. ಅಲ್ಲಿನ ವಿಜ್ಞಾನಿ ಪೆರುಂದುರೈ ಧಂಡಪಾಣಿ ಮೊದಲ ಲೇಖಕರಾಗಿದ್ದ 2009ರ ಅಧ್ಯಯನವೊಂದು, ಹೃದಯ ಸ್ನಾಯು ದುರ್ಬಲವಾಗುವ ಅಪಾಯ ಹೆಚ್ಚಿಸುವ ವಂಶವಾಹಿ ದೋಷ ಭಾರತೀಯರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿದೆ ಎಂದು ಹೇಳಿತ್ತು. ನಮ್ಮವರ ಕೋಶದ ಮೇಲೂ ಔಷಧ ಪರೀಕ್ಷೆ ಆಗಬೇಕು ಅನ್ನುವುದು ಇದಕ್ಕೇ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, ಔಷಧ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲಿಗೆ ಮನುಷ್ಯರ ಕೋಶ ಆಧಾರಿತ ವಿಧಾನಗಳಿಗೂ ದಾರಿ ಮಾಡಿಕೊಟ್ಟಿದೆ.

ಬೆಳಕಿಗೆ ಕಾಣದ್ದು

ತಟ್ಟೆಯಲ್ಲಿ ಬೆಳೆದ ಕೋಶ ಎಳೆಯದು, ಹೊಟ್ಟೆಯೊಳಗಿನ ಮಗುವಿನ ಹೃದಯದ ಕೋಶದಂತೆ. ಜೊತೆಗೆ ತಟ್ಟೆಯಲ್ಲಿ ಲಿವರ್ ಇಲ್ಲ. ಟರ್ಫೆನಾಡಿನ್ ಹರ್ಗ್ ಬಾಗಿಲು ಕಟ್ಟುತ್ತದೆ ಅಂತ ತಟ್ಟೆ ಹೇಳೀತು. ಆದರೆ ನೀವು ಅದರ ಜೊತೆಗೆ ಫಂಗಸ್ ಮಾತ್ರೆಯನ್ನೂ ತಿನ್ನುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೆ ಮಾತ್ರ.

ಇದು ಹಳೇ ಕಥೆ ಅಂತ ಬಿಡುವ ಹಾಗಿಲ್ಲ ಮಾರಾಯ್ರೇ. ಮಳೆಗಾಲದಲ್ಲಿ ಹುಳುಕಡ್ಡಿ, ಗಜಕರ್ಣಕ್ಕೆ ಇಟ್ರಾಕೊನಜೋಲ್ ಕೊಡುವುದು ಸಾಮಾನ್ಯ. ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಕೆಲವಕ್ಕೆ ಡೊಂಪೆರಿಡೋನ್ ಸೇರಿಸಿರುತ್ತಾರೆ. ಇವೆರಡನ್ನು ಒಟ್ಟಿಗೆ ಕೊಡಬಾರದು ಅನ್ನುವುದು ತಿಳಿದ ವಿಷಯ. ಡೊಂಪೆರಿಡೋನ್ ಬಗ್ಗೆ ಯುರೋಪಿನಲ್ಲಿ 2014ರಲ್ಲೇ ಕಡಿಮೆ ಡೋಸ್, ಕಡಿಮೆ ದಿನ ಅಂತ ಮಿತಿ ಹಾಕಿದ್ದಾರೆ. ಅಜಿಥ್ರೊಮೈಸಿನ್ ಬಗ್ಗೆ ಅಮೆರಿಕ 2013ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೆಚ್ಚಿನವರಿಗೆ ಇವುಗಳಿಂದ ಏನೂ ಆಗುವುದಿಲ್ಲ. ವಯಸ್ಸಾದವರಿಗೆ, ಹೃದಯದ ಕಾಯಿಲೆ ಇದ್ದವರಿಗೆ, ವಾಂತಿ ಭೇದಿಯಿಂದ ಪೊಟ್ಯಾಸಿಯಂ ಕಡಿಮೆಯಾದವರಿಗೆ ಅಪಾಯ ಜಾಸ್ತಿ.

ನಾವು ಮಾಡಬೇಕಾದ್ದು

* ಯಾವ ಡಾಕ್ಟ್ರಲ್ಲಿಗೆ ಹೋದರೂ ಮಾತ್ರೆ ಚೀಲವನ್ನೇ ತೆಗೆದುಕೊಂಡು ಹೋಗಿ ತೋರಿಸಿ.
* ಮೆಡಿಕಲ್‌ನಲ್ಲಿ ಮಾತ್ರೆ ಕೇಳುವಾಗ ಈಗ ತಿನ್ನುತ್ತಿರುವುದನ್ನೂ ಹೇಳಿ. ಅಂಗಡಿಯವರೂ ಒಂದು ಮಾತು ಕೇಳುವುದು ಒಳ್ಳೆಯದು.
* ಆಂಟಿಬಯಾಟಿಕ್, ಫಂಗಸ್ ಮಾತ್ರೆಗಳನ್ನು ಹಳೇ ಚೀಟಿ ತೋರಿಸಿ ತರಬೇಡಿ.
* ಹೊಸ ಮಾತ್ರೆ ಶುರು ಮಾಡಿದ ಮೇಲೆ ಎದೆ ಡವಗುಟ್ಟಿದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.
* ಇದನ್ನು ಓದಿ, ಡಾಕ್ಟ್ರು ಬರೆದುಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಂಶಯ ಇದ್ದರೆ ಅವರನ್ನೇ ಕೇಳಿ.